ಹಿತ್ತಿಲ ಇಶಾಡ ಮಾವು ಈ ವರ್ಷ ಬಿಟ್ಟಿದೆಯೇ?

ಎರಡು ವರ್ಷ ಮುನಿಸಿಕೊಂಡಂತಿದ್ದ ಮರ ಈ ಸಲ ಟೊಂಗೆ ಬಾಗುವಷ್ಟು ಕಾಯಿ ಬಿಟ್ಟಿದ್ದರೆ, ಮೊದಲು ಕಣ್ತುಂಬ ನೋಡಿ. ಮಾವಿಗೆ ಒಂದು ವರ್ಷ ತುಂಬಿ ಮರುವರ್ಷ ಸೊರಗುವ ಸ್ವಭಾವವಿದೆ, ಬಂದಾಗ ಸಂತೋಷಪಡಬೇಕು.

ಅದು ಕರಿ ಇಶಾಡವಾದರೆ ನಿಮ್ಮ ಭಾಗ್ಯ ದೊಡ್ಡದು. ಅಂಕೋಲೆಯ ಈ ಹಣ್ಣಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಇದರ ಸಿಪ್ಪೆ ತೀರಾ ತೆಳು, ರಸ ಹೇರಳ, ಬಾಳಿಕೆ ಕಡಿಮೆ. ಟೊಂಗೆ ಅಲುಗಿಸಿ ಉದುರಿಸಬೇಡಿ. ಬಲೆಚೀಲ ಕಟ್ಟಿದ ಕೋಲಿನಿಂದ ತೊಟ್ಟುಸಮೇತ ಕೊಯ್ದು, ಸೊನೆ ಇಳಿಯಲು ಬಿಟ್ಟು, ಒಣಹುಲ್ಲಿನ ಮೇಲೆ ಒಂದೇ ಪದರವಾಗಿ ಹರಡಿ. ಅವಸರಕ್ಕೆ ಕಾರ್ಬೈಡ್ ಮಾತ್ರ ಬೇಡವೇ ಬೇಡ. ಅದಕ್ಕೆ ಕಾನೂನಿನ ನಿಷೇಧವಿದೆ, ಅಂಥ ಹಣ್ಣನ್ನು ಮಕ್ಕಳ ಕೈಗೆ ಕೊಡಲು ಮನಸ್ಸಾದರೂ ಹೇಗೆ ಬರುತ್ತದೆ?

ಎಲ್ಲ ಒಟ್ಟಿಗೇ ಹಣ್ಣಾಗುತ್ತದೆ, ಗಾಬರಿಯಾಗಬೇಡಿ. ಕಾರವಾರದ ನೆಂಟರಿಗೆ, ಪಕ್ಕದ ಮನೆಗೆ ಬುಟ್ಟಿ ಕಳಿಸಿ. ಹೆದ್ದಾರಿ ಬದಿ ಹಣ್ಣು ಮಾರುವ ಹಾಲಕ್ಕಿ ಹೆಂಗಸರಿಗೆ ಕೊಡುವುದಾದರೆ ದರಕ್ಕೆ ಜಗ್ಗಾಡಬೇಡಿ. ಬಿಸಿಲಲ್ಲಿ ಕೂರುವವರು ಅವರು. ಉಳಿದದ್ದು ರಸಾಯನಕ್ಕೆ, ಸಾಸಿವೆಗೆ. ಇನ್ನೂ ಮಿಕ್ಕರೆ ರಸವನ್ನು ತಟ್ಟೆಗೆ ಸವರಿ ಒಣಗಿಸಿ, ಜೂನ್ ಮಳೆ ಹಿಡಿಯುವ ಮುನ್ನ.

ಮರ ಮುದಿಯಾಗಿದ್ದರೆ ಈಗಲೇ ಕಸಿ ಬಲ್ಲವರನ್ನು ಕರೆಸಿ. ಗೊರಟೆಯಿಂದ ಎದ್ದ ಸಸಿ ತಾಯಿಮರದ ಹಣ್ಣನ್ನೇ ಕೊಡುತ್ತದೆಂಬ ಭರವಸೆಯಿಲ್ಲ.