ನೆರೆಯೆಂಬ ನುಡಿ

ಕನ್ನಡದಲ್ಲಿ ‘ನೆರೆ’ ಎಂಬುದು ಚಿಕ್ಕ ಪದ. ಅದರ ಬಳಗ ಮಾತ್ರ ದೊಡ್ಡದು. ಕೂಡು, ಒಟ್ಟುಸೇರು ಎಂಬುದು ಈ ಕ್ರಿಯಾಪದದ ಅರ್ಥ. ಜಾತ್ರೆಗೆ ಜನ ನೆರೆಯುತ್ತಾರೆ. ನೆರೆದ ಸಮೂಹವೇ ನೆರವಿ. ಕಷ್ಟಕಾಲದಲ್ಲಿ ಒದಗುವ ಸಹಾಯ ನೆರವು. ಪಕ್ಕದ ಮನೆ ನೆರೆಮನೆ. ಆದುದರಿಂದ ಗೋಡೆಗೆ ಗೋಡೆ ತಾಗಿದ ಮಾತ್ರಕ್ಕೆ ಯಾರೂ ನೆರೆಯವರಾಗರು. ಮನಸ್ಸು ಕೂಡಿದಾಗಲೇ ಆ ಹೆಸರು ಸಾರ್ಥಕ.

ಉಕ್ಕಿಬರುವ ನೀರನ್ನೂ ನಾವು ನೆರೆಯೆಂದೇ ಕರೆಯುತ್ತೇವೆ. ‘ತುಂಬು’ ಎಂಬರ್ಥದ ಆ ಪದವನ್ನು ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದರು. ಆ ಅಕ್ಷರವು ಬಳಕೆ ತಪ್ಪಿದ ಮೇಲೆ ಎರಡು ಪದಗಳೂ ಒಂದೇ ರೂಪವನ್ನು ತಾಳಿದವು. ಬಾಗಲಕೋಟೆಯ ಬಾಳಿನಲ್ಲಿ ಈ ಎರಡು ಅರ್ಥಗಳೂ ಒಂದನ್ನೊಂದು ಎದುರುಗೊಂಡವು.

ಕೃಷ್ಣಾನದಿಯ ಆಲಮಟ್ಟಿ ಅಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಮುಂದೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ, ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನೂ ಸುತ್ತಣ ಹಲವು ಹಳ್ಳಿಗಳನ್ನೂ ಆವರಿಸಿತು. ಮನೆ ಕಳೆದುಕೊಂಡವರಿಗಾಗಿ ನವನಗರವು ನಿರ್ಮಾಣವಾಯಿತು. ಓಣಿಗಳಿದ್ದಲ್ಲಿ ಸೆಕ್ಟರುಗಳು ಬಂದವು. ಸರಕಾರವು ನಿವೇಶನವನ್ನು ಕೊಡಬಲ್ಲುದು, ರಸ್ತೆಯನ್ನು ಮಾಡಬಲ್ಲುದು. ನೆರೆಹೊರೆಯನ್ನು ಮಾತ್ರ ಜನರೇ ಕಟ್ಟಿಕೊಳ್ಳಬೇಕು.

ಇದನ್ನು ನಾನು ತಿಳಿದದ್ದು ನಾಚಿಕೆಯಿಂದ. ಹಲವು ವರ್ಷಗಳ ಹಿಂದೆ ನವನಗರದಲ್ಲಿ ನಮ್ಮ ಮನೆಯ ಪಕ್ಕಕ್ಕೆ ಮುಳುಗಡೆಯ ಹಳ್ಳಿಯೊಂದರ ಕುಟುಂಬ ಬಂದಿತು. ಆ ಮನೆಯ ವೃದ್ಧೆ ಪ್ರತಿಸಂಜೆ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿರುತ್ತಿದ್ದಳು. ಶಾಲೆಯಲ್ಲಿ ಇದೇ ‘ನೆರೆ’ ಪದವನ್ನು ವಿವರಿಸಿ ಬರುತ್ತಿದ್ದ ನಾನು ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದೆನು. ಒಂದು ದಿನ ಏಕೋ ನಿಂತು, “ಅವ್ವಾ, ಯಾವೂರು ನಿಮ್ಮದು?” ಎಂದೆನು.

“ಮುಳುಗಿದ ಊರಿನ ಹೆಸರ ಕೇಳಿ ಏನ್ ಮಾಡ್ತೀರಿ ಮಾಸ್ತರ? ನಾವು ಬಂದು ನಾಲ್ಕ ತಿಂಗಳಾತು. ನೀವ ಮೊದಲ ಕೇಳಿದವರು,” ಎಂದಳು. ಅನಂತರ ಬಹಳ ಹೊತ್ತು ತನ್ನೂರಿನ ಸಂಗತಿಯನ್ನೇ ಹೇಳಿದಳು.

ಅಂದು ರಾತ್ರಿ ನನ್ನ ಮನೆಯಾಕೆ ಒಂದು ಡಬ್ಬಿಯಲ್ಲಿ ಬದನೆಕಾಯಿ ಪಲ್ಯವನ್ನು ಕೊಟ್ಟುಬಂದಳು. ಮರುದಿನ ಡಬ್ಬಿ ಹಿಂತಿರುಗಿತು. ಬರಿದಾಗಿ ಅಲ್ಲ, ಅದರ ತುಂಬ ಶೇಂಗಾ ಹಿಂಡಿ! ಕೊಡುವವರ ಸಾಲಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡ ಆ ತಾಯಿಯ ಮುಖದಲ್ಲಿ ಅಂದು ಹೊಸ ಕಳೆಯಿದ್ದಿತು. ಪಡೆಯುವವನು ಕೇವಲ ಆಶ್ರಿತನು. ಕೊಟ್ಟು ಪಡೆಯುವವನು ನೆರೆಯವನು. ನೆರವೆಂಬುದು ಒಂದೇ ದಿಕ್ಕಿಗೆ ಹರಿದರೆ ದಾನವಾದೀತು, ನೆರೆತನವಾಗದು.

ವಿದ್ಯಾರ್ಥಿಗಳೇ, ನಿಮ್ಮ ಬೀದಿಗೆ ಹೊಸಬರು ಬಂದಾಗ ಹೆಸರನ್ನು ಕೇಳಿರಿ, ಊರನ್ನು ಕೇಳಿರಿ, ಜಾತಿಯನ್ನು ಕೆದಕಬೇಡಿರಿ. ನಳದ ನೀರು ಬರುವ ವೇಳೆ, ಸಂತೆಯ ದಿನ, ವೈದ್ಯರ ಮನೆ, ಶಾಲೆಯ ದಾರಿ ಇವನ್ನು ಅವರು ಕೇಳುವ ಮೊದಲೇ ತಿಳಿಸಿರಿ. ಅವರ ಮಕ್ಕಳನ್ನು ಆಟಕ್ಕೆ ಕರೆಯಿರಿ. ಅವರು ಕೊಟ್ಟುದನ್ನು ಸಂಕೋಚವಿಲ್ಲದೆ ಸ್ವೀಕರಿಸಿರಿ. ಮುಖ್ಯವಾಗಿ, ನಾಲ್ಕು ತಿಂಗಳು ಕಾಯಬೇಡಿರಿ.

ಆ ವೃದ್ಧೆ ಇಂದು ಇಲ್ಲ. ಅವಳ ಊರಿನ ಮೇಲೆ ನೀರು ನಿಂತಿದೆ. ಆದರೆ ನಮ್ಮೆರಡು ಮನೆಗಳ ನಡುವೆ ಡಬ್ಬಿಗಳು ಇಂದಿಗೂ ಬರಿದಾಗಿ ಓಡಾಡುವುದಿಲ್ಲ.