ಗಾಳಿಕೋವಿಯ ಪೈಪೋಟಿ: ಸ್ಪ್ರಿಂಗೋ, ವಿದ್ಯುತ್ತೋ?

2008ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಬೀಜಿಂಗಿನಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅಭಿನವ್ ಬಿಂದ್ರಾ ಅವರು ಹತ್ತು ಮೀಟರ್ ಗಾಳಿಕೋವಿಯ ಸ್ಪರ್ಧೆಯನ್ನು ಗೆದ್ದ ಸಂಗತಿ ವಾಚಕರಿಗೆ ತಿಳಿದೇ ಇದೆ. ಒಲಿಂಪಿಕ್ಸಿನ ವೈಯಕ್ತಿಕ ಸ್ಪರ್ಧೆಯೊಂದರಲ್ಲಿ ಭಾರತೀಯರೊಬ್ಬರಿಗೆ ದೊರೆತ ಮೊದಲನೆಯ ಚಿನ್ನದ ಪದಕ ಅದು. ಕಡೆಯ ಗುಂಡನ್ನು ಹೊಡೆಯುವುದಕ್ಕೆ ಮುಂಚೆ ಅವರೂ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಅವರೂ ಸಮಸಮವಾಗಿದ್ದರು. ಕಡೆಯ ಗುಂಡಿಗೆ ಹ್ಯಾಕಿನೆನ್‌ಗೆ 9.7 ಅಂಕ ಬಂದಿತು, ಬಿಂದ್ರಾಗೆ 10.8 ಬಂದಿತು. ಒಟ್ಟು ಲೆಕ್ಕದಲ್ಲಿ ಬಿಂದ್ರಾ ಅವರ ಅಂಕ 700.5; ಎರಡನೆಯವರಾದ ಚೀನಾದ ಝು ಚಿನಾನ್ ಅವರ ಅಂಕ 699.7. ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ 0.8 ಅಂಕ ಮಾತ್ರ.

ಈ ಅಂತರವನ್ನು ಉದ್ದದ ಅಳತೆಗೆ ತಿರುಗಿಸಿ ನೋಡೋಣ. ಈ ಸ್ಪರ್ಧೆಯ ಗುರಿಹಲಗೆಯ ನಟ್ಟನಡುವಿನ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರು. ಅದರ ಸುತ್ತ ಒಂದೊಂದು ಅಂಕಕ್ಕೂ ಒಂದೊಂದು ವರ್ತುಲವಿದೆ. ಒಂದರಿಂದ ಇನ್ನೊಂದಕ್ಕೆ ತ್ರಿಜ್ಯದಲ್ಲಿ 2.5 ಮಿಲಿಮೀಟರಿನ ಅಂತರ. ಆದುದರಿಂದ ಅಂಕದ ಹತ್ತನೆಯ ಒಂದು ಭಾಗವೆಂದರೆ ಕಾಲು ಮಿಲಿಮೀಟರು; 0.8 ಅಂಕವೆಂದರೆ ಎರಡು ಮಿಲಿಮೀಟರು. ಇಷ್ಟು ಅಲ್ಪವಾದ ಉದ್ದವು ಪದಕವನ್ನು ನಿರ್ಣಯಿಸುವಾಗ, ಕೋವಿಯನ್ನು ತಯಾರಿಸುವವರ ನಡುವೆ ಕಟ್ಟುನಿಟ್ಟಾದ ಪೈಪೋಟಿ ನಡೆಯುವುದು ಸಹಜವೇ. ಈ ಪೈಪೋಟಿಯಲ್ಲಿ ಹಳೆಯ ಹೆಸರಾಂತ ಸಂಸ್ಥೆಗಳಿವೆ. ತಡವಾಗಿ ಬಂದ ಹೊಸ ಸಂಸ್ಥೆಗಳೂ ಇವೆ. ಕೆಲವರು ಉಕ್ಕಿನ ಸ್ಪ್ರಿಂಗನ್ನು ನಂಬಿದ್ದಾರೆ. ಕೆಲವರು ಎಲೆಕ್ಟ್ರಾನಿಕ್ ಮಂಡಲವನ್ನು. ಯಾರ ಮಾತನ್ನು ಎಷ್ಟು ನಂಬಬೇಕು ಎಂಬುದನ್ನು ಜಾಹೀರಾತು ಹೇಳಲಾರದು, ಭೌತವಿಜ್ಞಾನ ಹೇಳಬಲ್ಲುದು.

ಗಾಳಿ ಮಾಡುವ ಕೆಲಸ

ಗಾಳಿಕೋವಿಯಲ್ಲಿ ಮದ್ದಿಲ್ಲ. ಅದುಮಿಟ್ಟ ಗಾಳಿಯು ಹಿಗ್ಗುವಾಗ ಮಾಡುವ ಕೆಲಸವೇ ಗುಂಡಿನ ಚಲನಶಕ್ತಿಯಾಗುತ್ತದೆ. ಈ ಉಪಾಯ ಹೊಸದಲ್ಲ. ಬಾರ್ತೊಲೊಮೆಯೊ ಗಿರಾರ್ದೋನಿ ಎಂಬಾತನು ರಚಿಸಿದ ಗಾಳಿಕೋವಿಯನ್ನು ಆಸ್ಟ್ರಿಯಾದ ಸೈನ್ಯವು ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿಯೇ ಬಳಸಿತ್ತು.

ಇಂದಿನ ಸ್ಪರ್ಧೆಯ ಕೋವಿಯ ನಳಿಗೆಯ ಒಳವ್ಯಾಸ 4.5 ಮಿಲಿಮೀಟರು, ಸೀಸದ ಗುಂಡಿನ ತೂಕ ಸುಮಾರು 0.53 ಗ್ರಾಂ. ಗುಂಡು ಸೆಕೆಂಡಿಗೆ 168 ಮೀಟರ್ ವೇಗದಿಂದ ಹೊರಟರೆ ಅದರ ಚಲನಶಕ್ತಿ ಸುಮಾರು 7.5 ಜೌಲ್. ನಳಿಗೆಯ ಉದ್ದ 42 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಗುಂಡಿನ ಹಿಂದೆ ಗಾಳಿ ತುಂಬುವ ಘನ ಅಳತೆ ಸುಮಾರು 6.7 ಘನ ಸೆಂಟಿಮೀಟರ್. ಮಾಡಿದ ಕೆಲಸವನ್ನು ಈ ಘನ ಅಳತೆಯಿಂದ ಭಾಗಿಸಿದರೆ ಸರಾಸರಿ ಒತ್ತಡ ದೊರೆಯುತ್ತದೆ: ವಾಯುಮಂಡಲದ ಒತ್ತಡದ ಸುಮಾರು ಹನ್ನೊಂದರಷ್ಟು. ಕೋವಿಯ ಕೆಳಗಿರುವ ಉರುಳೆಯಲ್ಲಿ ಗಾಳಿಯನ್ನು 200ರಷ್ಟು ಒತ್ತಡಕ್ಕೆ ತುಂಬಿರುತ್ತಾರೆ. ಗಾಳಿಗೆ ಶಕ್ತಿಯ ಕೊರತೆಯಿಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಕಷ್ಟವಿರುವುದು ಶಕ್ತಿಯನ್ನು ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ಅಳೆದುಕೊಡುವುದರಲ್ಲಿ.

ವೇಗ ಬದಲಾದರೆ ಏನಾಗುತ್ತದೆ?

ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಗುಂಡು ಗುರುತ್ವಕ್ಕೆ ಒಳಗಾಗಿ ಬೀಳತೊಡಗುತ್ತದೆ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆಯೋಣ. ವೇಗ ಸೆಕೆಂಡಿಗೆ 175 ಮೀಟರ್ ಇದ್ದರೆ ಹತ್ತು ಮೀಟರನ್ನು ದಾಟಲು 0.057 ಸೆಕೆಂಡು ಬೇಕು. ಅಷ್ಟರಲ್ಲಿ ಗುಂಡು 16 ಮಿಲಿಮೀಟರ್ ಬೀಳುತ್ತದೆ. ವೇಗ 170 ಮೀಟರ್ ಆದರೆ ಬೀಳುವುದು ಸುಮಾರು 17 ಮಿಲಿಮೀಟರ್. ಬೀಳುವುದೇ ದೋಷವಲ್ಲ; ಅದನ್ನು ಗುರಿಕಣ್ಣನ್ನು ತಿದ್ದಿ ಸರಿಪಡಿಸಬಹುದು. ಒಮ್ಮೆ 16, ಇನ್ನೊಮ್ಮೆ 17 ಎಂದು ಬದಲಾಗುವುದೇ ದೋಷ. ಸೆಕೆಂಡಿಗೆ ಐದು ಮೀಟರಿನ ವ್ಯತ್ಯಾಸವು ಒಂದು ಮಿಲಿಮೀಟರನ್ನು, ಎಂದರೆ 0.4 ಅಂಕವನ್ನು ಕಸಿಯಬಲ್ಲುದು.

ಎರಡನೆಯ ದೋಷ ಕಾಲಕ್ಕೆ ಸೇರಿದ್ದು. ಬೆರಳು ಟ್ರಿಗರನ್ನು ಒತ್ತಿದ ಕ್ಷಣಕ್ಕೂ ಗುಂಡು ಹೊರಬೀಳುವ ಕ್ಷಣಕ್ಕೂ ನಡುವೆ ಕೆಲವು ಮಿಲಿಸೆಕೆಂಡುಗಳು ಕಳೆಯುತ್ತವೆ. ಎಷ್ಟೇ ಪಳಗಿದ ಕೈಯಾದರೂ ಕಂಪಿಸುತ್ತದೆ. ಗುರಿಯ ಬಿಂದು ಹಲಗೆಯ ಮೇಲೆ ಸೆಕೆಂಡಿಗೆ 50 ಮಿಲಿಮೀಟರಿನಂತೆ ಸರಿಯುತ್ತಿದೆಯೆಂದು ಭಾವಿಸಿದರೆ, ಐದು ಮಿಲಿಸೆಕೆಂಡಿನ ವಿಳಂಬದಲ್ಲಿ ಅದು ಕಾಲು ಮಿಲಿಮೀಟರ್ ಸರಿದಿರುತ್ತದೆ, 0.1 ಅಂಕ ಹೋಯಿತು.

ಹಳೆಯ ಸಂಸ್ಥೆಗಳ ಉತ್ತರ

ಗುರಿಕೋವಿಯ ಲೋಕದಲ್ಲಿ ಜರ್ಮನಿಯ ಮೂರು ಸಂಸ್ಥೆಗಳು ಬಹುಕಾಲದಿಂದ ಪ್ರಸಿದ್ಧವಾಗಿವೆ: 1856ರಲ್ಲಿ ಸ್ಥಾಪಿತವಾದ ಆನ್‌ಶುಟ್ಸ್, 1886ರ ವಾಲ್ಟರ್, 1949ರ ಫೈನ್‌ವೆರ್ಕ್‌ಬಾವ್. ಇವುಗಳಲ್ಲಿ ಕಡೆಯದನ್ನು ಇಂದು ಹಳೆಯ ಸಂಸ್ಥೆಯೆಂದೇ ಎಣಿಸುತ್ತೇವೆ. ಆದರೆ 1961ರಲ್ಲಿ ತನ್ನ ಮೊದಲ ಗಾಳಿಕೋವಿಯನ್ನು ಮಾರುಕಟ್ಟೆಗೆ ತಂದಾಗ ಅದೂ ಹೊಸಬನೇ ಆಗಿತ್ತು ಎಂಬುದನ್ನು ಮರೆಯಬಾರದು.

ಆ ಕಾಲದ ಕೋವಿಗಳಲ್ಲಿ ಬಲವಾದ ಸ್ಪ್ರಿಂಗೊಂದು ಭಾರವಾದ ಕೊಂತವನ್ನು ಮುಂದಕ್ಕೆ ನೂಕಿ ಗಾಳಿಯನ್ನು ಅದುಮುತ್ತಿತ್ತು. ಕೊಂತವು ಮುಂದಕ್ಕೆ ಧಾವಿಸಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಕೋವಿಯು ಹಿಂದಕ್ಕೆ ಒದೆಯಲೇಬೇಕು. ಅದೂ ಗುಂಡು ಇನ್ನೂ ನಳಿಗೆಯೊಳಗಿರುವಾಗಲೇ! ಫೈನ್‌ವೆರ್ಕ್‌ಬಾವ್ 1960ರ ದಶಕದಲ್ಲಿ ಕೋವಿಯ ಯಂತ್ರಭಾಗವನ್ನು ಹಳಿಗಳ ಮೇಲೆ ಕೂಡಿಸಿ, ಗುಂಡು ಹಾರುವಾಗ ಅದು ತಾನೇ ಹಿಂದಕ್ಕೆ ಜಾರುವಂತೆ ಮಾಡಿತು. ಒದೆತವು ಭುಜಕ್ಕೂ ಕೆನ್ನೆಗೂ ಮುಟ್ಟದಂತಾಯಿತು. ಒದೆತವನ್ನು ಬಲದಿಂದ ತಡೆಯದೆ, ಅದಕ್ಕೆ ದಾರಿ ಬಿಟ್ಟುಕೊಟ್ಟು ಗೆದ್ದ ಉಪಾಯವಿದು. ಗಾಳಿಕೋವಿಯ ಸ್ಪರ್ಧೆಯು 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ಸಿಗೆ ಸೇರಿತು.

ಮುಂದೆ ಭಾರವಾದ ಕೊಂತವೇ ಹೋಗಿ, ಮೊದಲೇ ಗಾಳಿ ತುಂಬಿದ ಉರುಳೆ ಬಂದಿತು. ಆದರೆ ಹೊಸ ತೊಂದರೆಯೊಂದು ತಲೆದೋರಿತು. ಒಂದೊಂದು ಗುಂಡಿಗೂ ಉರುಳೆಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ವೇಗವೂ ಬದಲಾಗುತ್ತದೆ. ಇದಕ್ಕೆ ಪರಿಹಾರವಾಗಿ ಉರುಳೆಗೂ ಕವಾಟಕ್ಕೂ ನಡುವೆ ಒತ್ತಡ ನಿಯಂತ್ರಕವನ್ನು ಇಟ್ಟರು. ಅದರಲ್ಲಿ ತಟ್ಟೆಯಾಕಾರದ ಸ್ಪ್ರಿಂಗುಗಳು ಒಂದು ಸಣ್ಣ ಕೊಂತವನ್ನು ಒಂದು ಕಡೆಯಿಂದ ಒತ್ತುತ್ತವೆ. ಒಳಬಂದ ಗಾಳಿ ಇನ್ನೊಂದು ಕಡೆಯಿಂದ ಒತ್ತುತ್ತದೆ. ಗಾಳಿಯ ಒತ್ತಡವು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ. ಉರುಳೆಯಲ್ಲಿ 200 ಇರಲಿ, 100 ಇರಲಿ, ಕವಾಟಕ್ಕೆ ಸಿಗುವ ಒತ್ತಡ ಒಂದೇ. ವಿದ್ಯುತ್ತಿನ ಲೇಶವೂ ಇಲ್ಲದೆ, ಬಲಗಳ ಸಮತೋಲನದಿಂದಲೇ ನಡೆಯುವ ಸ್ವಯಂನಿಯಂತ್ರಣವಿದು.

ಎಲೆಕ್ಟ್ರಾನಿಕ್ ಉತ್ತರ

ಇಂಗ್ಲೆಂಡಿನ ಡೇಸ್ಟೇಟ್ 1978ರಲ್ಲಿ ಹುಟ್ಟಿದ ಸಂಸ್ಥೆ. ಒಲಿಂಪಿಕ್ ಸ್ಪರ್ಧೆಗಿಂತ ಬಯಲಿನ ಗುರಿ ಹೊಡೆತಕ್ಕೆ ಬೇಕಾದ ಬೆಲೆಯುಳ್ಳ ಕೋವಿಗಳನ್ನು ತಯಾರಿಸುವುದು ಅದರ ಕೆಲಸ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಎಲೆಕ್ಟ್ರಾನಿಕ್ ಕೋವಿಯನ್ನು ಹೊರತಂದಿತು. ಇದರ ಕ್ರಮ ಹೀಗೆ: ಟ್ರಿಗರು ಒಂದು ಸ್ವಿಚ್ಚು ಮಾತ್ರ. ಅದನ್ನು ಒತ್ತಿದರೆ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು, ಅದರ ಕಾಂತಬಲವು ಕವಾಟವನ್ನು ತೆರೆಸುತ್ತದೆ. ಎಷ್ಟು ವಿದ್ಯುತ್ತು, ಎಷ್ಟು ಹೊತ್ತು ಎಂಬುದನ್ನು ಸಣ್ಣ ಗಣಕವೊಂದು ನಿರ್ಣಯಿಸುತ್ತದೆ. ಉರುಳೆಯ ಒತ್ತಡ ಇಳಿದಿರುವುದು ಗಣಕಕ್ಕೆ ತಿಳಿದರೆ, ಅದಕ್ಕೆ ತಕ್ಕಂತೆ ವಿದ್ಯುತ್ತಿನ ಮಿಡಿತವನ್ನು ಹೊಂದಿಸುತ್ತದೆ. 2020ರಲ್ಲಿ ಪ್ರಕಟವಾದ ಡೆಲ್ಟಾ ವುಲ್ಫ್ ಎಂಬ ಮಾದರಿಯಲ್ಲಿ ಗುಂಡಿನ ವೇಗವನ್ನು ಅಳೆಯುವ ಉಪಕರಣವೂ ಕೋವಿಯೊಳಗೇ ಸೇರಿತು. ಹಿಂದಿನ ಗುಂಡಿನ ವೇಗವನ್ನು ನೋಡಿ ಮುಂದಿನದನ್ನು ತಿದ್ದುವ ಈ ಪದ್ಧತಿಯನ್ನು ವಿಜ್ಞಾನದಲ್ಲಿ ಪ್ರತ್ಯಾದಾನ ಎನ್ನುತ್ತಾರೆ. ಸ್ಪ್ರಿಂಗಿನ ನಿಯಂತ್ರಕವು ಒತ್ತಡವನ್ನು ಕಾಯುತ್ತದೆ. ಇದು ನಮಗೆ ನಿಜವಾಗಿ ಬೇಕಾದ ವೇಗವನ್ನೇ ಕಾಯುತ್ತದೆ. ಭೇದ ಸಣ್ಣದಲ್ಲ.

ಹತ್ತು ಮೀಟರಿನ ಸ್ಪರ್ಧೆಯ ಆಯುಧಗಳಲ್ಲಿ ವಿದ್ಯುತ್ತು ಪ್ರವೇಶಿಸಿದ್ದು ಮುಖ್ಯವಾಗಿ ಟ್ರಿಗರಿನ ಮೂಲಕ. ಸ್ವಿಟ್ಸರ್ಲೆಂಡಿನ ಮೊರಿನಿ ಸಂಸ್ಥೆಯ ಗಾಳಿಪಿಸ್ತೂಲು ಇದರಿಂದ ಹೆಸರು ಪಡೆಯಿತು. ಉಕ್ಕಿನ ಕೊಕ್ಕೆಗಳು ಒಂದರ ಮೇಲೊಂದು ಜಾರುವಾಗಿನ ಘರ್ಷಣೆ ಇಲ್ಲವಾಗಿ, ಪ್ರತಿಸಲವೂ ಬೆರಳಿಗೆ ಒಂದೇ ಬಗೆಯ ಅನುಭವ ಸಿಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಹಳಬರೆಲ್ಲ ಸ್ಪ್ರಿಂಗಿನ ಪಕ್ಷ, ಹೊಸಬರೆಲ್ಲ ವಿದ್ಯುತ್ತಿನ ಪಕ್ಷ ಎಂದು ಎಣಿಸಿದರೆ ತಪ್ಪಾಗುತ್ತದೆ. ಡೇಸ್ಟೇಟ್‌ಗಿಂತ ತರುವಾಯ ಹುಟ್ಟಿದ ಸ್ವೀಡನ್ನಿನ ಎಫ್‌ಎಕ್ಸ್ ಸಂಸ್ಥೆಯು ಸುತ್ತಿಗೆ, ಸ್ಪ್ರಿಂಗು, ನಿಯಂತ್ರಕಗಳನ್ನೇ ನಯಗೊಳಿಸಿ ಹೆಸರು ಗಳಿಸಿತು. ಶತಮಾನ ದಾಟಿದ ವಾಲ್ಟರ್ ಸಂಸ್ಥೆಯೇ ಎಲ್‌ಜಿ 500 ಐಟೆಕ್ ಎಂಬ ಎಲೆಕ್ಟ್ರಾನಿಕ್ ಟ್ರಿಗರಿನ ಕೋವಿಯನ್ನು ತಂದಿತು. ಸಂಸ್ಥೆಯ ವಯಸ್ಸು ಯಂತ್ರದ ವಯಸ್ಸಲ್ಲ.

ನಳಿಗೆಯೂ ನಮ್ಮ ಊರಿನ ಲೇತೂ

ಕವಾಟ ಎಷ್ಟೇ ಜಾಣನಾದರೂ ನಳಿಗೆಯು ಒರಟಾಗಿದ್ದರೆ ಪ್ರಯೋಜನವಿಲ್ಲ. ಇದನ್ನು ಅರಿಯಲು ಈ ಲೇಖನವನ್ನು ಬರೆಯುತ್ತಿರುವ ಚನ್ನಪಟ್ಟಣದ ಆಟಿಕೆಯ ಕೆಲಸವನ್ನು ನೋಡಬಹುದು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ; ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಹತ್ತುತ್ತದೆ. ಕೈಯಿಂದ ತಿರುಗಿಸುವ ಲೇತಿನ ಜತೆಗೆ ಮೋಟಾರಿನ ಲೇತೂ ಬಂದಿದೆ. ಮೋಟಾರು ವೇಗವನ್ನು ಕೊಟ್ಟಿತು. ಆದರೆ ತುಂಡು ಅಕ್ಷಕ್ಕೆ ಸರಿಯಾಗಿ ಕೂಡದಿದ್ದರೆ, ಮೋಟಾರು ಅದನ್ನು ಇನ್ನಷ್ಟು ವೇಗವಾಗಿ ಅಲುಗಿಸುತ್ತದೆ, ಅಷ್ಟೆ. ಅಕ್ಷವನ್ನು ಕಾಣುವ ಕಣ್ಣು ಕುಶಲಿಯದೇ.

ನಳಿಗೆಯ ವಿಷಯವೂ ಹಾಗೆಯೇ. ಉದ್ದವಾದ ಉಕ್ಕಿನ ಸರಳಿನಲ್ಲಿ ನೇರವಾದ ರಂಧ್ರವನ್ನು ಕೊರೆದು, ಒಳಗೆ ಸುರುಳಿ ಗೀರುಗಳನ್ನು ಮೂಡಿಸಿ ನಯಗೊಳಿಸುವುದು ಸುಲಭದ ಕೆಲಸವಲ್ಲ. ನಮ್ಮ ದೇಶದಲ್ಲಿ ಗಾಳಿಕೋವಿಗಳನ್ನು ತಯಾರಿಸತೊಡಗಿದ ಹೊಸ ಸಂಸ್ಥೆಗಳಲ್ಲೊಂದಾದ ಮಹಾರಾಷ್ಟ್ರದ ಪ್ರೆಸಿಹೋಲ್, ಆಳವಾದ ರಂಧ್ರಗಳನ್ನು ಕೊರೆಯುವ ಯಂತ್ರಗಳ ತಯಾರಿಕೆಯ ಹಿನ್ನೆಲೆಯಿಂದ ಬಂದುದು ಆಕಸ್ಮಿಕವಲ್ಲ. ಹೊಸಬನು ಪೈಪೋಟಿಗೆ ಇಳಿಯುವಾಗ ತನ್ನಲ್ಲಿ ಮೊದಲೇ ಇರುವ ಕುಶಲತೆಯ ಬಾಗಿಲಿನಿಂದ ಬರುವುದು ಲೇಸು.

ಹಾಗಾದರೆ ಯಾವುದು ಮೇಲು?

ಒಂದು ಲೆಕ್ಕ ಇದಕ್ಕೆ ದಾರಿ ತೋರಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು ಸೇರುವಾಗ ಅವುಗಳನ್ನು ನೇರವಾಗಿ ಕೂಡಬಾರದು. ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲವನ್ನು ತೆಗೆಯಬೇಕು. ಗುರಿಕಾರನ ಕೈಯಿಂದ ಬರುವ ಚದರಿಕೆ 2 ಮಿಲಿಮೀಟರ್, ಕೋವಿಯಿಂದ ಬರುವುದು 1 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಒಟ್ಟು ಚದರಿಕೆ 2.24 ಮಿಲಿಮೀಟರ್. ಈಗ ಕೆಲವು ಲಕ್ಷ ರೂಪಾಯಿ ಸುರಿದು ಕೋವಿಯ ದೋಷವನ್ನು ಅರ್ಧಕ್ಕೆ ಇಳಿಸಿದರೆ ಒಟ್ಟು 2.06 ಆಗುತ್ತದೆ, ಉಳಿತಾಯ ನೂರಕ್ಕೆ ಎಂಟು. ಅದರ ಬದಲು ಹಳೆಯ ಕೋವಿಯಲ್ಲೇ ಅಭ್ಯಾಸ ಮಾಡಿ ಕೈಯ ದೋಷವನ್ನು 1.5ಕ್ಕೆ ಇಳಿಸಿದರೆ ಒಟ್ಟು 1.80; ಉಳಿತಾಯ ನೂರಕ್ಕೆ ಹತ್ತೊಂಬತ್ತು. ದೊಡ್ಡ ದೋಷವನ್ನು ಮೊದಲು ಹಿಡಿ ಎಂಬುದೇ ಈ ಗಣಿತದ ನೀತಿ.

ಆದರೆ ಕೈಯ ದೋಷವು ಆಗಲೇ ಕನಿಷ್ಠಕ್ಕೆ ಇಳಿದಿರುವ ಉನ್ನತ ಸ್ಪರ್ಧಿಗೆ ಲೆಕ್ಕ ಬೇರೆಯಾಗುತ್ತದೆ. 2025ರಲ್ಲಿ ಚೀನಾದ ನಿಂಗ್ಬೋದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಗಾಳಿಕೋವಿಯ ಕಂಚನ್ನು ಗೆದ್ದ ಕರ್ನಾಟಕದ ಮೇಘನಾ ಸಜ್ಜನರ್ ಅವರಂಥವರಿಗೆ ಕೋವಿಯ ಕಾಲು ಮಿಲಿಮೀಟರೂ ಮುಖ್ಯವೇ. ಅಲ್ಲಿಯೂ ಪ್ರಶ್ನೆ ಒಂದೇ: ಈ ಹೊಸ ಸಾಧನವು ಯಾವ ದೋಷವನ್ನು, ಎಷ್ಟು ಕಡಿಮೆ ಮಾಡುತ್ತದೆ? ಇದರೊಡನೆ ಹೊಸ ದೋಷವೇನಾದರೂ ಬಂದಿತೇ? ಎಲೆಕ್ಟ್ರಾನಿಕ್ ಕೋವಿಗೆ ಬ್ಯಾಟರಿಯ ಹಂಗಿದೆ. ಮಂಡಲ ಕೆಟ್ಟರೆ ಊರಿನ ಫಿಟ್ಟರು ಸರಿಮಾಡಲಾರನು. ಸ್ಪ್ರಿಂಗು ಸವೆಯುತ್ತದೆ, ನಿಯಂತ್ರಕದ ಒತ್ತಡ ಮೆಲ್ಲಮೆಲ್ಲನೆ ಸರಿಯುತ್ತದೆ. ಯಾವುದೂ ದೋಷರಹಿತವಲ್ಲ. ಆದಕಾರಣ ತಯಾರಕನು ಹೇಳುವ ವೇಗವನ್ನಲ್ಲ, ಐವತ್ತು ಗುಂಡುಗಳ ವೇಗಗಳಲ್ಲಿ ಕಾಣುವ ಏರುಪೇರನ್ನು ಕೇಳಿ ತಿಳಿಯಬೇಕು. ಪೈಪೋಟಿಯ ನಿಜವಾದ ತಕ್ಕಡಿ ಅದು.

ಗಾಳಿಕೋವಿಯು ಆಟದ ಸಾಮಾನಲ್ಲ. ಅಧಿಕೃತ ಗುರಿಯಂಗಳದಲ್ಲಿ, ತರಬೇತುದಾರರ ಎದುರಿನಲ್ಲಿ ಮಾತ್ರ ಅದನ್ನು ಮುಟ್ಟತಕ್ಕದ್ದು. ಮೇಲಿನ ಲೆಕ್ಕಗಳನ್ನಾದರೋ ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು.

ಅಭ್ಯಾಸ

1. 0.53 ಗ್ರಾಂ ತೂಕದ ಗುಂಡು ಸೆಕೆಂಡಿಗೆ 170 ಮೀಟರ್ ವೇಗದಿಂದ ಹೊರಟಿತು. ಅದರ ಚಲನಶಕ್ತಿ ಎಷ್ಟು? ಕೋವಿಯ ತೂಕ 4.5 ಕಿಲೋಗ್ರಾಂ ಆದರೆ, ಗುಂಡಿನ ಸಂವೇಗಕ್ಕೆ ಪ್ರತಿಯಾಗಿ ಅದು ಹಿಂದಕ್ಕೆ ಸರಿಯುವ ವೇಗವೆಷ್ಟು?

2. ವೇಗವು ಸೆಕೆಂಡಿಗೆ 175 ಮೀಟರಿನಿಂದ 165 ಮೀಟರಿಗೆ ಇಳಿದರೆ, ಹತ್ತು ಮೀಟರ್ ದೂರದಲ್ಲಿ ಗುಂಡು ಎಷ್ಟು ಕೆಳಗೆ ತಾಗುತ್ತದೆ? ಅದು ಎಷ್ಟು ಅಂಕಕ್ಕೆ ಸಮ?

3. ಹೊಸದಾಗಿ ಕಲಿಯುವವನ ಕೈಯ ಚದರಿಕೆ 3 ಮಿಲಿಮೀಟರ್, ಕೋವಿಯದು 1 ಮಿಲಿಮೀಟರ್. ಕೋವಿಯ ದೋಷವನ್ನು ಅರ್ಧಮಾಡಿದರೆ ಒಟ್ಟು ಚದರಿಕೆ ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ?

ಉತ್ತರಗಳು: (1) ಸುಮಾರು 7.7 ಜೌಲ್, ಸೆಕೆಂಡಿಗೆ 2 ಸೆಂಟಿಮೀಟರ್. (2) ಸುಮಾರು 2 ಮಿಲಿಮೀಟರ್, 0.8 ಅಂಕ. (3) 3.16ರಿಂದ 3.04 ಮಿಲಿಮೀಟರಿಗೆ.