ಕಿಲೋ ಲೆಕ್ಕದ ಖರ್ಚು

ನಾಯಿ ಕೊಳ್ಳಲು ಹೊರಟವರು ಮೊದಲು ಕೇಳುವುದು ಮರಿಯ ಬೆಲೆ. ಅದು ಒಂದೇ ಸಲದ ಖರ್ಚು. ಆಮೇಲಿನ ಹತ್ತು ಹನ್ನೆರಡು ವರ್ಷ ನಮ್ಮ ಜೇಬನ್ನು ಆಳುವುದು ಅದರ ತೂಕ. ಊಟ, ಜಂತುಹುಳುವಿನ ಔಷಧ, ಆಪರೇಷನ್ ಬಂದರೆ ಅರಿವಳಿಕೆ, ಎಲ್ಲಕ್ಕೂ ಕಿಲೋ ಲೆಕ್ಕ. ನಾವಿರುವ ಕೊಡಗಿನ ಪಾಲಿಬೆಟ್ಟದಲ್ಲಿ ಇವುಗಳ ಜೊತೆಗೆ ಉಣುಗಿನ ಕಾಟ. ಕಾಫಿ ಬುಡದ ತರಗೆಲೆಯಲ್ಲಿ ಸುತ್ತಾಡಿ ಬಂದ ನಾಯಿಯ ಕಿವಿ ಮಡಚಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಣುಗಿನಿಂದ ಬರುವ ಬಬೀಸಿಯ, ಎರ್ಲಿಕಿಯ ಜ್ವರಗಳು ಗಟ್ಟಿಮುಟ್ಟಾದ ನಾಯಿಯನ್ನೂ ನೆಲ ಹಿಡಿಸುತ್ತವೆ. ತಡೆಯುವ ಮಾತ್ರೆ ತೂಕದ ಹಂತಗಳಲ್ಲಿ ಸಿಗುತ್ತದೆ. ಕಂಪನಿಗೆ ತಕ್ಕಂತೆ ಇಪ್ಪತ್ತೋ ಇಪ್ಪತ್ತೈದೋ ಕಿಲೋ ದಾಟಿದರೆ ದುಬಾರಿ ಪೊಟ್ಟಣವೇ ಬೇಕು. ಕಾಯಿಲೆ ಬಿದ್ದರೆ ಗೋಣಿಕೊಪ್ಪಲು, ಅಲ್ಲಿ ಮುಗಿಯದಿದ್ದರೆ ಸುಮಾರು ನೂರು ಕಿಲೋಮೀಟರ್ ದೂರದ ಮೈಸೂರು.

ನಮ್ಮ ಮನೆಯವರಿಗೆ ಪಿಟ್‌ಬುಲ್ ಜಾತಿಯ ನಾಯಿಗಳೆಂದರೆ ಬಹಳ ಇಷ್ಟ. ಮನೆಯ ಜನರಿಗೆ ಅಂಟಿಕೊಂಡಿರುವ ಅವುಗಳ ಸ್ವಭಾವ ನನಗೂ ಹಿಡಿಸಿತ್ತು. ನಾನು ಹಾಕಿದ ಷರತ್ತು ಎರಡೇ: ಹದಿನೆಂಟು ಕಿಲೋ ಒಳಗಿರಬೇಕು, ಬಂದ ದಾರಿ ನೇರವಾಗಿರಬೇಕು. ತೋಟದ ಕಾವಲಿಗೆಂದು ಇಂಥ ನಾಯಿ ತಂದು ಹಗಲಿಡೀ ಸರಪಳಿಯಲ್ಲಿ ಕಟ್ಟುವವರನ್ನು ಕಂಡಿದ್ದೇನೆ. ಅದು ನಾಯಿಗೂ ಅನ್ಯಾಯ, ಪಕ್ಕದ ಲೈನ್ ಮನೆಯ ಮಕ್ಕಳಿಗೂ ಅಪಾಯ.

ಅಳತೆಯನ್ನು ಮೊದಲು ತಿಳಿದುಕೊಂಡೆ. ಈ ಬಳಗದಲ್ಲಿ ನಿಜಕ್ಕೂ ಚಿಕ್ಕದು ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್. ಎತ್ತರ 35ರಿಂದ 41 ಸೆಂಟಿಮೀಟರ್, ತೂಕ 11ರಿಂದ 17 ಕಿಲೋ. ನಮ್ಮಲ್ಲಿ ಅದು ಅಪರೂಪ. ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಅದಕ್ಕಿಂತ ಎತ್ತರ, 43ರಿಂದ 48. ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ ಪಿಟ್‌ಬುಲ್ ತಳಿಯನ್ನು 1898ರಿಂದಲೇ ದಾಖಲಿಸುತ್ತಿದೆ. ಅದರ ಪ್ರಕಾರ ಹೆಣ್ಣಿನ ತೂಕ ಸುಮಾರು ಹದಿಮೂರೂವರೆಯಿಂದ ಇಪ್ಪತ್ತೆರಡೂವರೆ ಕಿಲೋ, ಗಂಡಿನದು ಹದಿನಾರರಿಂದ ಇಪ್ಪತ್ತೇಳು. ಅಂದರೆ ಚಿಕ್ಕದು ಬೇಕಾದವರು ಹೆಣ್ಣನ್ನೇ ಹುಡುಕುವುದು ಲಾಭ.

ಮಾರುಕಟ್ಟೆಗೆ ಇಳಿದಾಗ ಕಂಡದ್ದು ಬೇರೆ. ಪಿಟ್‌ಬುಲ್ ಮರಿಗೆ ಹದಿನೈದು ಸಾವಿರದಿಂದ ಶುರುವಾದ ಮಾತು, ‘ಚಿಕ್ಕದು ಬೇಕು’ ಎಂದ ಕೂಡಲೇ ‘ಪಾಕೆಟ್ ಬುಲ್ಲಿ’ಗೆ ಹೊರಳಿ ಲಕ್ಷ ದಾಟಿತು. ಇಲ್ಲಿ ಎಚ್ಚರ ಬೇಕು. ಪಾಕೆಟ್ ಬುಲ್ಲಿ ಗಿಡ್ಡ ನಿಜ, ಹಗುರ ಅಲ್ಲ. ಅಗಲವಾದ ಎದೆ, ದಪ್ಪ ಮೂಳೆ, ಮಾಂಸ ತುಂಬಿದ ಮೈ ಸೇರಿ ಎತ್ತರದ ಪಿಟ್‌ಬುಲ್‌ಗಿಂತಲೂ ಹೆಚ್ಚು ತೂಗಬಹುದು. ಔಷಧದ ಪ್ರಮಾಣವನ್ನು ಯಾರೂ ಎತ್ತರ ಅಳೆದು ಲೆಕ್ಕ ಹಾಕುವುದಿಲ್ಲ. ಅತಿಯಾಗಿ ಗಿಡ್ಡ ಮಾಡಿದ ಮೈಯಲ್ಲಿ ಉಸಿರಾಟದ, ಕೀಲಿನ ತೊಂದರೆಯೂ ಸೇರಿಕೊಳ್ಳುತ್ತದೆ. ಲಕ್ಷ ಕೊಟ್ಟು ಆಸ್ಪತ್ರೆಯ ಬಿಲ್ಲನ್ನೂ ಕೊಂಡಂತೆ.

ಇನ್ನು ನೇರ ದಾರಿ. 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮೈಕ್ರೋಚಿಪ್ ಹಾಕಿಸಿರಬೇಕು. ನಾನು ನೋಂದಣಿ ಪತ್ರ ಕೇಳಿದಾಗ ಹಲವರು ವಂಶಾವಳಿಯ ಪತ್ರ ತೋರಿಸಿದರು. ಎರಡೂ ಬೇರೆ ಬೇರೆ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐನ ತಳಿ ಪಟ್ಟಿಯಲ್ಲಿ ಪಿಟ್‌ಬುಲ್ ಇಲ್ಲವೇ ಇಲ್ಲ. ಹಾಗಾಗಿ ‘ಪೇಪರ್ ಇದೆ’ ಎಂದರೆ ಯಾರು ಕೊಟ್ಟ ಪೇಪರ್, ಯಾವ ತಳಿಯ ಹೆಸರಿನಲ್ಲಿ ಎಂದು ಕೇಳಲೇಬೇಕು. ತಾಯಿಯನ್ನು ತೋರಿಸಿ ಎಂದಾಗ ಮಾತು ತಪ್ಪಿಸಿದವರನ್ನು ಅಲ್ಲಿಗೇ ಬಿಟ್ಟೆ. ಮೂವತ್ತೈದು ದಿನಕ್ಕೇ ತಾಯಿಯಿಂದ ಬಿಡಿಸಿ, ಲಸಿಕೆ ಸರಿಯಾಗಿ ಆಗದೆ ಬಸ್ಸಿನಲ್ಲಿ ಬಂದ ಮರಿಗೆ ಪಾರ್ವೊ ತಗಲಿದರೆ ಡ್ರಿಪ್ಪಿನ ಖರ್ಚೇ ಮರಿಯ ಬೆಲೆಯನ್ನು ಮೀರುತ್ತದೆ. ಅಷ್ಟಾದರೂ ಎಷ್ಟೋ ಮರಿಗಳು ಉಳಿಯುವುದಿಲ್ಲ. ಅಂದಕ್ಕೆಂದು ಕಿವಿ ಕತ್ತರಿಸಿದ ಮರಿಯನ್ನು ನಾನು ಯಾವ ಬೆಲೆಗೂ ಕೊಳ್ಳಲಾರೆ. ಅದು ಪ್ರಾಣಿಯ ಅಂಗ ಊನ ಮಾಡಿದ ಕ್ರೌರ್ಯ.

ಕೊನೆಗೆ ಮರಿಯ ಆಸೆಯನ್ನೇ ಬಿಟ್ಟೆವು. ಎರಡು ತಿಂಗಳ ಮರಿ ಬೆಳೆದು ಎಷ್ಟು ತೂಗುತ್ತದೆ ಎಂಬುದು ಮಾರುವವನ ಮಾತು. ಬೆಳೆದ ನಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ನೋಡಬಹುದು. ಬೆಂಗಳೂರಿನ ಒಂದು ಆಶ್ರಯಧಾಮದಲ್ಲಿ ಮೂರು ವರ್ಷದ ಆಸುಪಾಸಿನ ಹೆಣ್ಣು ಸಿಕ್ಕಿತು, ಹದಿನೇಳು ಕಿಲೋ. ಹಿಂದಿನ ಮನೆಯವರು ಬಾಡಿಗೆ ಮನೆ ಬದಲಿಸಿದಾಗ ಹೊಸ ಮಾಲೀಕರು ಒಪ್ಪದೆ ಬಿಟ್ಟುಕೊಟ್ಟದ್ದು. ಸಂತಾನಹರಣ, ಲಸಿಕೆ, ರಕ್ತ ಪರೀಕ್ಷೆ ಎಲ್ಲ ಆಗಿತ್ತು. ಮಕ್ಕಳ ಜೊತೆ, ಬೇರೆ ನಾಯಿಗಳ ಜೊತೆ ಹೇಗಿರುತ್ತಾಳೆ ಎಂದು ನೋಡಿ ಬರೆದಿಟ್ಟಿದ್ದರು. ಸಾಕಲಾಗದಿದ್ದರೆ ತಮಗೇ ಮರಳಿಸಬೇಕೆಂದು ಸಹಿ ಹಾಕಿಸಿಕೊಂಡರು. ನಾವು ಕೊಟ್ಟ ದೇಣಿಗೆ ಮರಿಯೊಂದರ ಬೆಲೆಯ ಅರ್ಧಕ್ಕೂ ಕಡಿಮೆ.

ಕಾನೂನಿನ ಲೆಕ್ಕವನ್ನೂ ಬಜೆಟ್ಟಿನಲ್ಲಿ ಇಟ್ಟುಕೊಳ್ಳಬೇಕು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಸಚಿವಾಲಯ ಪಿಟ್‌ಬುಲ್ ಸೇರಿ 23 ತಳಿಗಳ ಮಾರಾಟ, ಸಂವರ್ಧನೆ ತಡೆಯುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರಿದ್ದ ಕರ್ನಾಟಕ ಹೈಕೋರ್ಟ್ ಪೀಠ ಆ ಸುತ್ತೋಲೆಯನ್ನು ರದ್ದುಗೊಳಿಸಿತು. ಅದೇ ತೀರ್ಪಿನಲ್ಲಿ ನಾಯಿ ಕಚ್ಚಿದರೆ ಚಿಕಿತ್ಸೆಯ ವೆಚ್ಚವೂ ಪರಿಹಾರವೂ ಮಾಲೀಕರ ಹೊಣೆ ಎಂಬ ಮಾತಿದೆ. ಅದನ್ನು ಓದಿದ ಮೇಲೆ ನಾನು ನಾಯಿ ವಿಮೆ ಹುಡುಕಿದೆ. ಬೇರೆಯವರಿಗೆ ಆದ ಗಾಯದ ಹೊಣೆಯನ್ನು ಹೊರುವ ಪಾಲಿಸಿಗಳು ಸಿಗುತ್ತವೆ. ಆದರೆ ನಿಮ್ಮ ನಾಯಿಯ ತಳಿ ಅದರಲ್ಲಿ ಸೇರಿದೆಯೇ ಎಂದು ಷರತ್ತಿನ ಪುಟದಲ್ಲಿ ನೋಡಿ, ಏಜೆಂಟರ ಬಾಯಿಮಾತು ಸಾಲದು. ಹೊರಗೆ ಹೋಗುವಾಗ ಹಗ್ಗ, ಬಾಯಿಬುಟ್ಟಿ, ಗಟ್ಟಿ ಗೇಟು, ಪ್ರತಿ ವರ್ಷ ರೇಬೀಸ್ ಲಸಿಕೆ, ಇವಕ್ಕೆ ತಗಲುವ ಹಣ ವಿಮೆಯ ಕಂತಿಗಿಂತ ಮೊದಲು.

ತೋಟದವರಿಗೆ ಇನ್ನೊಂದು ಕಷ್ಟ ಇದೆ. ನಮ್ಮ ಆದಾಯ ವರ್ಷಕ್ಕೊಮ್ಮೆ, ರೋಬಸ್ಟಾ ಕೊಯ್ದು ಮೆಣಸು ಮಾರಿದ ಮೇಲೆ. ನಾಯಿಯ ಖರ್ಚು ತಿಂಗಳು ತಿಂಗಳೂ, ನಮ್ಮದಕ್ಕೆ ಸುಮಾರು ನಾಲ್ಕು ಸಾವಿರ. ಆಗಸ್ಟಿನ ಮಳೆಯಲ್ಲಿ ಕೈ ಬರಿದಾದಾಗ ಮಾತ್ರೆ ಮುಂದೂಡುವ ಮನಸ್ಸಾಗುತ್ತದೆ, ಉಣುಗು ಜ್ವರ ಒಳಗೆ ಬರುವುದೇ ಆ ಸಂದಿಯಲ್ಲಿ. ಅದಕ್ಕೇ ಅವಳ ಹೆಸರಿಗೆ ಬೇರೆ ಉಳಿತಾಯ ಖಾತೆ ತೆರೆದಿದ್ದೇವೆ, ಇಡೀ ವರ್ಷದ ಮೊತ್ತದ ಜೊತೆಗೆ ಆಪತ್ತಿಗೆಂದು ಇನ್ನೊಂದು ಮೂವತ್ತು ಸಾವಿರ. ಈ ಸಲ ಮೆಣಸಿನ ಹಣ ಬಂದಾಗ ಮೊದಲು ಆ ಖಾತೆ ತುಂಬಿಸಿ, ಗೊಬ್ಬರದ ಅಂಗಡಿಯ ಬಾಕಿಯನ್ನು ಆಮೇಲೆ ಕಟ್ಟಿದೆವು.